‘ಐ’ ಅಕ್ಷರದ ನೆತ್ತಿಗೆ ಇಡುವುದು ಚುಕ್ಕಿಯೋ, ಬೊಟ್ಟೋ?

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ನಾವು ಬಹಳ ವರ್ಷಗಳಿಂದ ನೆಲೆಸಿದ್ದೇವೆ. ನನ್ನ ಮಗಳು ಇಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಚಿಂಗ್ ಬ್ಯಾಂಡಿನಲ್ಲಿ, ಎಂದರೆ ಮೈದಾನದಲ್ಲಿ ನಡೆಯುತ್ತ ನುಡಿಸುವ ತಂಡದಲ್ಲಿ, ಮೆಲೊಫೋನ್ ಎಂಬ ಹಿತ್ತಾಳೆ ವಾದ್ಯ ನುಡಿಸುತ್ತಾಳೆ. ಆ ಬ್ಯಾಂಡಿನ ಬಗೆಗೂ ಅದರಲ್ಲಿ ನಡೆದುಬಂದ ಪದ್ಧತಿಗಳ ಬಗೆಗೂ, ಇಲ್ಲಿರುವ ಕನ್ನಡ ಮನೆಗಳವರು ಅದಕ್ಕೆ ಹೇಗೆ ಒತ್ತಾಸೆಯಾಗಬಹುದು ಎಂಬುದರ ಬಗೆಗೂ ಒಂದು ಲೇಖನವನ್ನು ನಮ್ಮ ಊರಿನ ಕನ್ನಡಿಗರ ಸ್ಮರಣಸಂಚಿಕೆಗಾಗಿ ಬರೆಯುತ್ತಿದ್ದೇನೆ. ಅರ್ಧ ಬರೆದ ಮೇಲೆ ಒಂದು ಪದದ ಬಳಿ ನಿಂತುಬಿಟ್ಟಿದ್ದೇನೆ: ಇಂಗ್ಲಿಷಿನ ಸಣ್ಣ ‘ಐ’ (i) ಅಕ್ಷರದ ಮೇಲಿನ ಗುರುತಿಗೆ ಕನ್ನಡದಲ್ಲಿ ಏನೆನ್ನುವುದು? ತಿಳಿದವರು ದಾರಿ ತೋರಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲಿಗೆ ಸಂದರ್ಭವನ್ನು ವಿವರಿಸುತ್ತೇನೆ. 1878ರಲ್ಲಿ ಕೊಳಲು ಮತ್ತು ಡ್ರಮ್ಮುಗಳ ಚಿಕ್ಕ ತಂಡವಾಗಿ ಆರಂಭವಾದ ಈ ಬ್ಯಾಂಡು 1934ರಿಂದ ಹಿತ್ತಾಳೆ ವಾದ್ಯಗಳನ್ನು ಮತ್ತು ತಾಳವಾದ್ಯಗಳನ್ನು ಮಾತ್ರ ಬಳಸುತ್ತ ಬಂದಿದೆ. 1973ರಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಪ್ರವೇಶ ದೊರೆಯಿತು. ಕುದುರೆಲಾಳದ ಆಕಾರದ ಒಹಾಯೊ ಸ್ಟೇಡಿಯಮ್ಮಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನ ಸೇರುವ ಫುಟ್‌ಬಾಲ್ ಪಂದ್ಯದ ದಿನ, ಬ್ಯಾಂಡಿನವರು ಫ್ರೆಂಚ್ ನಡೆಗೀತೆಯೊಂದನ್ನು ನುಡಿಸುತ್ತಲೇ ಒಬ್ಬರ ಹಿಂದೊಬ್ಬರು ಸಾಲಾಗಿ ನಡೆದು, ಹುಲ್ಲಿನ ಮೇಲೆ ತಮ್ಮ ಮೈಗಳಿಂದಲೇ ‘ಒಹಾಯೊ’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಇದನ್ನು ಮೊದಲು ಬರೆದದ್ದು 1936ರ ಅಕ್ಟೋಬರ್ 10ರಂದು, ಇಂಡಿಯಾನಾ ವಿರುದ್ಧದ ಪಂದ್ಯದಲ್ಲಿ. ಅಕ್ಷರಗಳೆಲ್ಲ ಮೂಡಿ ಮುಗಿಯುತ್ತ ಬಂದಾಗ ಒಬ್ಬರೇ ಒಬ್ಬರು ಸಾಲಿನಿಂದ ಹೊರಬಂದು, ಮುಂದಾಳಿನೊಂದಿಗೆ ಠೀವಿಯಿಂದ ನಡೆದುಹೋಗಿ, ಸಣ್ಣ ‘ಐ’ ಅಕ್ಷರದ ನೆತ್ತಿಯ ಮೇಲೆ ನಿಲ್ಲುತ್ತಾರೆ. ಟೋಪಿ ತೆಗೆದು ಸ್ಟೇಡಿಯಮ್ಮಿನ ಎರಡೂ ಬದಿಗಳಿಗೆ ಸೊಂಟ ಬಾಗಿಸಿ ನಮಿಸುತ್ತಾರೆ. ಆ ಕ್ಷಣಕ್ಕೆ ಜನ ಎದ್ದುನಿಂತು ಕೂಗುವ ಕೂಗು ಗೋಲು ಬಿದ್ದಾಗಿನದಕ್ಕಿಂತ ಕಡಿಮೆಯೇನಲ್ಲ.

1936ರಲ್ಲಿ ಆ ಜಾಗದಲ್ಲಿ ನಿಂತವನು ಟ್ರಂಪೆಟ್ ನುಡಿಸುವ ಹುಡುಗ. ಮರುವರ್ಷ ಅದು ಸೂಸಫೋನಿನವರ ಪಾಲಾಯಿತು. ಸೂಸಫೋನ್ ಎಂದರೆ ಮೈಗೆ ಸುತ್ತಿಕೊಂಡು ತಲೆಯ ಮೇಲೆ ಅಗಲವಾಗಿ ಬಾಯಿ ತೆರೆಯುವ, ಮಂದ್ರದಲ್ಲಿ ನುಡಿಯುವ ಭಾರಿ ಹಿತ್ತಾಳೆ ವಾದ್ಯ. ಇಂದಿಗೂ ಬ್ಯಾಂಡಿನಲ್ಲಿ ನಾಲ್ಕನೆಯ ಅಥವಾ ಐದನೆಯ ವರ್ಷದಲ್ಲಿರುವ ಸೂಸಫೋನ್ ವಾದಕರಿಗೆ ಮಾತ್ರ ಆ ಸರದಿ ಸಿಗುತ್ತದೆ. ಹಾಸ್ಯನಟ ಬಾಬ್ ಹೋಪ್, ಗಗನಯಾತ್ರಿ ಜಾನ್ ಗ್ಲೆನ್, ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಸ್ ಮುಂತಾದ ಕೆಲವರಿಗೆ ಮಾತ್ರ ಹೊರಗಿನವರಾಗಿಯೂ ಆ ಮರ್ಯಾದೆ ಸಂದಿದೆ. ನನ್ನ ಮಗಳ ವಾದ್ಯ ಬೇರೆಯಾದ್ದರಿಂದ ಅವಳಿಗೆ ಅದು ದೊರೆಯುವಂತಿಲ್ಲ; ಆದರೂ ತನ್ನ ಗೆಳತಿಯ ಸರದಿ ಬಂದ ದಿನ ಅವಳು ಮನೆಗೆ ಬಂದು ಅತ್ತದ್ದನ್ನು ನಾನು ಕಂಡಿದ್ದೇನೆ.

ಆ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಡಾಟಿಂಗ್ ದಿ ಐ’ ಎನ್ನುತ್ತಾರೆ. ಅದನ್ನು ಕನ್ನಡದಲ್ಲಿ ಏನೆಂದು ಬರೆಯುವುದು ಎಂಬುದೇ ನನ್ನ ಪ್ರಶ್ನೆ.

ಮೊದಲು ನಾನು ‘ಐ ಅಕ್ಷರಕ್ಕೆ ಚುಕ್ಕೆ ಇಡುವುದು’ ಎಂದು ಬರೆದಿದ್ದೆ. ಓದಿದಾಗ ತೃಪ್ತಿಯಾಗಲಿಲ್ಲ. ಪತ್ರಿಕೆಗಳ ಕನ್ನಡದಲ್ಲಿ ‘ಕಪ್ಪುಚುಕ್ಕೆ’ ಕಳಂಕಕ್ಕೆ ಹೆಸರಾಗಿ ಎಷ್ಟು ಬಳಕೆಯಾಗಿದೆಯೆಂದರೆ, ಬಿಡಿಯಾಗಿ ನಿಂತ ‘ಚುಕ್ಕೆ’ಗೂ ಅದರ ನೆರಳು ತಾಕುತ್ತದೆ. ‘ಚುಕ್ಕಿ’ ಎಂದರೆ ಕಿವಿಗೆ ಹಿತವಾಗಿದೆ, ನಕ್ಷತ್ರದ ಅರ್ಥವೂ ಜೊತೆಗೆ ಬರುತ್ತದೆ. ಆದರೆ ನಮ್ಮ ಶಾಲೆಗಳಲ್ಲಿ ವಾಕ್ಯದ ಕೊನೆಗೆ ಇಡುವುದೂ ಚುಕ್ಕಿಯೇ ಆದ್ದರಿಂದ ‘ಚುಕ್ಕಿ ಇಟ್ಟರು’ ಎಂದಾಗ ಮುಗಿಸಿದರು ಎಂಬ ಭಾವ ಬರಬಹುದು. ಇನ್ನೊಂದು ತೊಡಕೂ ಇದೆ. ಇಲ್ಲಿನ ಮಾರ್ಚಿಂಗ್ ಬ್ಯಾಂಡುಗಳ ಆಡುಮಾತಿನಲ್ಲಿ, ಮೈದಾನದ ಮೇಲೆ ಒಬ್ಬೊಬ್ಬರೂ ನಿಲ್ಲಬೇಕಾದ ನಿಶ್ಚಿತ ಸ್ಥಳಕ್ಕೂ ‘ಡಾಟ್’ ಎಂದೇ ಹೇಳುತ್ತಾರೆ. ಅದಕ್ಕೆ ‘ಚುಕ್ಕಿ’ ಎಂಬುದು ಹೇಳಿಮಾಡಿಸಿದಂತಿದೆ, ಏಕೆಂದರೆ ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳನ್ನು ಹಿಡಿದೇ ಎಳೆ ಸಾಗುತ್ತದೆ, ಇಲ್ಲಿಯೂ ನೂರಾರು ಚುಕ್ಕಿಗಳಿಂದ ಚಿತ್ರವಾಗುತ್ತದೆ. ಆದರೆ ‘ಐ’ ಮೇಲಿನದರ ಕಥೆ ತಿರುವುಮುರುವು: ಅಲ್ಲಿ ಎಳೆಯೆಲ್ಲ ಮುಗಿದ ಮೇಲೆ ಅದು ಬರುತ್ತದೆ. ಎರಡಕ್ಕೂ ಒಂದೇ ಪದ ಬಳಸಿದರೆ ಓದುಗರಿಗೆ ಈ ವ್ಯತ್ಯಾಸ ತಿಳಿಯದೆ ಹೋಗುತ್ತದೆ.

‘ಬಿಂದು’ ರೇಖಾಗಣಿತದ್ದಾಯಿತು. ‘ಸೊನ್ನೆ’ ನಮ್ಮ ಲಿಪಿಯದೇ ಪದವಾದರೂ ಅದು ಅನುಸ್ವಾರದ ಹೆಸರು, ಅಕ್ಷರದ ಪಕ್ಕದಲ್ಲಿ ಕೂರುತ್ತದೆಯೇ ಹೊರತು ನೆತ್ತಿಯ ಮೇಲಲ್ಲ. ಲೆಕ್ಕದ ಶೂನ್ಯವನ್ನೂ ಅದು ನೆನಪಿಗೆ ತರುತ್ತದೆ. ಅಕ್ಷರದ ತಲೆಯ ಮೇಲಿರುವುದು ತಲಕಟ್ಟು ಎಂದುಕೊಂಡು ಅದನ್ನೂ ಪರಿಶೀಲಿಸಿದೆ. ತಲಕಟ್ಟು ಹೆಚ್ಚಿನ ಅಕ್ಷರಗಳಿಗೆ ಸಹಜವಾಗಿ ಇರುವಂಥದು, ಒಂದಕ್ಕೆ ಮಾತ್ರ ಸಲ್ಲುವ ಮನ್ನಣೆ ಅದರಲ್ಲಿಲ್ಲ. ಹಾಗೆ ಹುಡುಕುವಾಗ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ: ಉಕಾರದ ಚಿಹ್ನೆಗೂ ಊದುವ ವಾದ್ಯಕ್ಕೂ ನಮ್ಮಲ್ಲಿ ‘ಕೊಂಬು’ ಎಂಬ ಒಂದೇ ಹೆಸರಿದೆ. ಊದುವವರೇ ಅಕ್ಷರದ ಅಂಗವಾಗಿ ನಿಲ್ಲುವ ಈ ಬ್ಯಾಂಡಿನ ಮಾತು ಬಂದಾಗ ಆ ಪದ ನನಗೆ ಬಹಳ ಸೊಗಸಾಗಿ ಕಂಡಿತು.

ಕಳೆದ ವರ್ಷ ಚನ್ನರಾಯಪಟ್ಟಣದಿಂದ ಬಂದಿದ್ದ ನನ್ನ ತಾಯಿಯವರನ್ನು ಮೊಮ್ಮಗಳ ಬ್ಯಾಂಡು ನೋಡಲೆಂದು ಪಂದ್ಯಕ್ಕೆ ಕರೆದೊಯ್ದಿದ್ದೆವು. ಅಕ್ಷರ ಓದಲು ಅವರಿಗೆ ಬರಲಿಲ್ಲ, ಆದರೆ ನಡೆದದ್ದೆಲ್ಲ ಅರ್ಥವಾಗಿತ್ತು. ರಾತ್ರಿ ಊಟಕ್ಕೆ ಕುಳಿತಾಗ, “ಎಲ್ಲಾ ಬರ್ದಾದ್ಮೇಲೆ ಕೊನೇಗೆ ಹಣೆಗೆ ಬೊಟ್ಟಿಟ್ಟಂಗೆ ನಿಂತ್ಕೊಂಡ್ತಲ್ಲ ಆ ಮಗು, ಅದು ಚೆನ್ನಾಗಿತ್ತು” ಎಂದರು. ಸೀರೆ ಉಟ್ಟು, ತಲೆ ಬಾಚಿ, ಹೂ ಮುಡಿದು ಎಲ್ಲ ಆದ ಮೇಲೆ ಕನ್ನಡಿಯ ಮುಂದೆ ಬೊಟ್ಟಿಟ್ಟುಕೊಂಡಾಗ ಮುಖಕ್ಕೆ ಕಳೆ ಬರುತ್ತದೆ. ಬೊಟ್ಟು ಒಂದೇ ಇರುತ್ತದೆ, ಮೇಲೆ ಇರುತ್ತದೆ, ಮಂಗಳಕರವೂ ಹೌದು. ‘ಐಗೆ ಬೊಟ್ಟಿಡುವುದು’ ಎಂದು ಬರೆದು ಎರಡು ದಿನ ಬಿಟ್ಟು ಓದಿದಾಗಲೂ ನನಗೆ ಅದೇ ಸರಿಯೆನಿಸಿತು.

ಆದರೂ ಅಳುಕು ಉಳಿದಿದೆ. ಉತ್ತರ ಕರ್ನಾಟಕದ ಸ್ನೇಹಿತರೊಬ್ಬರು, ತಮ್ಮ ಕಡೆ ‘ಬೊಟ್ಟು’ ಎಂದರೆ ಮೊದಲು ನೆನಪಾಗುವುದು ಬೆರಳು ಎಂದರು. ‘ಬೊಟ್ಟು ಮಾಡು’ ಎಂದು ಆಕ್ಷೇಪಿಸುವ ಅರ್ಥದಲ್ಲಿ ನಾವೆಲ್ಲರೂ ಬಳಸುವ ಮಾತಿನಲ್ಲಿಯೂ ಇರುವುದು ಆ ಬೆರಳೇ. ಹೀಗಿರುವಾಗ ಕಲಬುರಗಿಯ ಅಥವಾ ಧಾರವಾಡದ ಓದುಗರು ‘ಐಗೆ ಬೊಟ್ಟಿಟ್ಟರು’ ಎಂಬ ವಾಕ್ಯವನ್ನು ಹೇಗೆ ಗ್ರಹಿಸುತ್ತಾರೆ?

ಲೇಖನದ ಇತರ ಪದಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ‘ಬ್ಯಾಂಡ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ: ವಾದ್ಯವೃಂದ ಎಂದರೆ ಕುಳಿತು ನುಡಿಸುವವರು ಕಣ್ಮುಂದೆ ಬರುತ್ತಾರೆ, ವಾಲಗಕ್ಕೆ ನಾಗಸ್ವರ ಬೇಕು, ಮೈಸೂರು ಅರಮನೆಯ ಕರ್ನಾಟಕ ಬ್ಯಾಂಡ್ ಮತ್ತು ಇಂಗ್ಲಿಷ್ ಬ್ಯಾಂಡುಗಳ ಕಾಲದಿಂದ ಆ ಪದ ನಮ್ಮದೇ ಆಗಿದೆ. ಪಂದ್ಯಕ್ಕೆ ಮುಂಚೆ ಸಾರ್ವಜನಿಕರೆದುರು ಬ್ಯಾಂಡು ನುಡಿಸುವ ‘ಸ್ಕಲ್ ಸೆಷನ್’ ಎಂಬ ಕಾರ್ಯಕ್ರಮವನ್ನು ಅನುವಾದಿಸುವ ಗೋಜಿಗೆ ಹೋಗಿಲ್ಲ. ‘ಸ್ಕಲ್’ ಎಂಬುದಕ್ಕೆ ‘ಬುರುಡೆ’ ಎಂದೊಡನೆ ಕನ್ನಡದಲ್ಲಿ ಸುಳ್ಳಿನ ಅರ್ಥ ಬಂದುಬಿಡುತ್ತದೆ. ಬ್ಯಾಂಡಿಗೆ ಹಣದಿಂದಲೋ ಶ್ರಮದಿಂದಲೋ ನೆರವಾಗುವವರನ್ನು ‘ಪೋಷಕರು’ ಎಂದು ಬರೆದಿದ್ದೆ. ಶಾಲೆಗಳ ಸುತ್ತೋಲೆಗಳ ದೆಸೆಯಿಂದ ಆ ಪದ ಈಗ ತಂದೆತಾಯಿಯರಿಗೆ ಮೀಸಲಾಗಿರುವುದರಿಂದ, ಓದುಗರು ಇದು ನಮ್ಮಂಥ ಬ್ಯಾಂಡ್ ಮಕ್ಕಳ ಅಪ್ಪ ಅಮ್ಮಂದಿರಿಗೆ ಮಾತ್ರ ಹೇಳಿದ್ದೆಂದು ತಿಳಿದಾರೆಂಬ ಭಯದಿಂದ ಅದನ್ನು ತೆಗೆದೆ. ‘ಬೆಂಬಲಿಗರು’ ಚುನಾವಣೆಯ ಪದವಾಗಿಬಿಟ್ಟಿದೆ. ಆದ್ದರಿಂದ ‘ಒತ್ತಾಸೆಯಾಗಿ ನಿಲ್ಲುವವರು’ ಎಂದು ಬಿಡಿಸಿ ಬರೆದಿದ್ದೇನೆ, ಉದ್ದವಾದರೂ ಅರ್ಥ ಕೆಡುವುದಿಲ್ಲ.

‘ಸಂಪ್ರದಾಯ’ದ ಬದಲು ‘ನಡೆದುಬಂದ ಪದ್ಧತಿ’ ಎಂದಿರುವುದಕ್ಕೂ ಕಾರಣವಿದೆ. ಸೂಸಫೋನಿನವರು ಬಾಗಿ ನಮಿಸುವುದು ಮೊದಲೇ ಯೋಚಿಸಿಟ್ಟದ್ದಾಗಿರಲಿಲ್ಲ. ಆರಂಭದ ವರ್ಷಗಳಲ್ಲಿ ಒಮ್ಮೆ ಮುಂದಾಳು ಕೆಲವು ತಾಳ ಮೊದಲೇ ‘ಐ’ ನೆತ್ತಿಯನ್ನು ತಲುಪಿಬಿಟ್ಟಾಗ, ಉಳಿದ ಸಂಗೀತವನ್ನು ತುಂಬಲೆಂದು ಸೂಸಫೋನಿನ ಹುಡುಗ ಕಾಲೆತ್ತಿ ತಿರುಗಿ ಬಾಗಿದ. ಜನ ಮೆಚ್ಚಿದರು, ಅದೇ ನಿಂತಿತು. ಹೀಗೆ ಬೆಳೆದದ್ದಕ್ಕೆ ‘ವಾಡಿಕೆ’ ಎಂದರೆ ಹಗುರವಾಗುತ್ತದೆ, ‘ಕಟ್ಟಳೆ’ ಎಂದರೆ ಯಾರೋ ವಿಧಿಸಿದಂತೆ ಕೇಳಿಸುತ್ತದೆ.

ಸಂಚಿಕೆಯ ಕರಡು ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ‘ಬೊಟ್ಟಿಡು’ ಎಂಬುದನ್ನು ಅಕ್ಷರದ ಮೇಲಿನ ಗುರುತಿಗೆ ಬಳಸಿದ್ದನ್ನು ಯಾರಾದರೂ ಹಳೆಯ ಮೇಷ್ಟರ ಬಾಯಲ್ಲಾಗಲಿ, ಕಡತಗಳಲ್ಲಾಗಲಿ ಕಂಡಿದ್ದರೆ ದಯವಿಟ್ಟು ತಿಳಿಸಿ. ಉತ್ತರ ಕರ್ನಾಟಕದ, ಕರಾವಳಿಯ ಸದಸ್ಯರು ತಮ್ಮ ಮನೆಮಾತಿನಲ್ಲಿ ಇದಕ್ಕೆ ಏನೆನ್ನುತ್ತಾರೆಂದು ಬರೆದರೆ ಇನ್ನೂ ಉಪಕಾರವಾಗುತ್ತದೆ.