ಬಡವರಿಗೆ ಮೊದಲು ಬೇಕಾದದ್ದು ಯಾವುದು: ಪ್ಯಾಲಿಯೇಟಿವ್ ಕೇರಾ, ಚಿಕಿತ್ಸೆಯಾ?

ಶ್ರೀಲತಾ: ಬಡವರ ವಿಷಯಕ್ಕೆ ಬಂದರೆ ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಇಳಿಸುವ ಆರೈಕೆ, ಇನ್ನೂ ‘ಆಮೇಲೆ ನೋಡೋಣ’ ಪಟ್ಟಿಯಲ್ಲೇ ಇದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 5 ಕೋಟಿ 68 ಲಕ್ಷ ಜನಕ್ಕೆ ಇದು ಬೇಕು, ಸಿಗುತ್ತಿರುವುದು ಶೇ. 14ರಷ್ಟು ಜನಕ್ಕೆ ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕಾಯಿಲೆ ವಾಸಿ ಮಾಡಲು ಆಗದಿದ್ದರೂ ನೋವು ಇಳಿಸಬಹುದಲ್ವಾ? ಪ್ರತಿ ಸಣ್ಣ ಆರೋಗ್ಯ ಕೇಂದ್ರದಲ್ಲೂ ತೀವ್ರ ನೋವಿಗೆ ಕೊಡುವ ಔಷಧಿ, ಕುಡಿಯುವ ಮಾರ್ಫಿನ್, ಇರಲೇಬೇಕು.

ಮಹೇಶ: ‘ವಾಸಿ ಮಾಡಲು ಆಗದಿದ್ದರೂ’ ಅಂದಿರಲ್ಲ, ನನ್ನ ತಕರಾರು ಅಲ್ಲೇ ಇರುವುದು. ಎಷ್ಟೋ ಬಡವರ ಕ್ಯಾನ್ಸರ್ ಬೇಗ ಗೊತ್ತಾಗಿದ್ದರೆ ವಾಸಿಯಾಗುತ್ತಿತ್ತು. ದುಡ್ಡಿದ್ದವರಿಗೆ ಆಪರೇಷನ್, ಇಲ್ಲದವರಿಗೆ ನೋವಿನ ಔಷಧಿ, ಇದ್ಯಾವ ನ್ಯಾಯ? ಇರುವ ಅಷ್ಟಿಷ್ಟು ದುಡ್ಡು ತಪಾಸಣೆಗೆ ಹೋಗಲಿ.

ನಾಗವೇಣಿ: ಅಷ್ಟಿಷ್ಟು ದುಡ್ಡೇ ಸಾಕು ಸ್ವಾಮಿ. ಮಾರ್ಫಿನ್ ಹಳೇ ಔಷಧಿ, ಅದಕ್ಕೆ ಪೇಟೆಂಟ್ ಇಲ್ಲ. ಉಗಾಂಡಾದಲ್ಲಿ ಪುಡಿಯನ್ನು ನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬಿ ಕೊಡುತ್ತಾರೆ. ತರಬೇತಿ ಪಡೆದ ನರ್ಸ್‌ಗಳೇ ಬರೆದುಕೊಡಬಹುದು ಅಂತ 2004ರಲ್ಲೇ ನಿಯಮ ಬದಲಾಯಿಸಿದರು.

ರಮೇಶ: ನರ್ಸ್‌ಗಳೇ ಬರೆದುಕೊಡಬಹುದಾ? ಅಮೆರಿಕದಲ್ಲಿ ಇಂಥ ನೋವಿನ ಔಷಧಿಗಳನ್ನು ಡಾಕ್ಟರ್‌ಗಳೇ ಬರೆದುಕೊಟ್ಟು ಏನಾಯಿತು ಅಂತ ನೋಡಿಲ್ವಾ? ಊರಿಗೆ ಊರೇ ಚಟಕ್ಕೆ ಬಿತ್ತು. ಒಂದೇ ಕೋಣೆಯ ಮನೆ, ಕೆಲಸವಿಲ್ಲದ ಹುಡುಗರು, ಕೈಗೆ ಸಿಗುವ ಹಾಗೆ ಬಾಟಲಿ. ಹೊಣೆ ಯಾರದ್ದು?

ಅನ್ವರ್: ಅಮೆರಿಕದ್ದು ಬೇರೆ ಕಥೆ. ಅಲ್ಲಿ ಕಂಪನಿಗಳು ಬೆನ್ನುನೋವಿಗೂ ಮಾತ್ರೆ ಬರೆಸಿದವು. ಇಲ್ಲಿ ಮಾತಾಡುತ್ತಿರುವುದು ಸಾಯುತ್ತಿರುವವರ ಬಗ್ಗೆ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2017ರಲ್ಲಿ ಕೊಟ್ಟ ಲೆಕ್ಕ ನೋಡಿ: ಪ್ರಪಂಚಕ್ಕೆ ಹಂಚಿಕೆಯಾದ ಮಾರ್ಫಿನ್ ಮತ್ತು ಅದರಂಥ ನೋವಿನ ಔಷಧಿ, ಮಾರ್ಫಿನ್ ಲೆಕ್ಕದಲ್ಲಿ ಸುಮಾರು 298.5 ಟನ್; ಅದರಲ್ಲಿ ತೀರಾ ಬಡ ದೇಶಗಳಿಗೆ ಸಿಕ್ಕಿದ್ದು 0.1 ಟನ್. ಚಟ ಹಿಡಿಯಲಿಕ್ಕೂ ಔಷಧಿ ಇರಬೇಕಲ್ಲ!

ರಮೇಶ: ‘ಬೇರೆ ಕಥೆ’ ಅಂತ ತಳ್ಳಿಬಿಟ್ಟರೆ ಆಯ್ತಾ? ಅವರೂ ಮೊದಲು ಹಾಗೇ ಹೇಳಿದ್ದರು. ಟನ್ ಲೆಕ್ಕ ಬೇಡ, ನನ್ನ ಪ್ರಶ್ನೆ ಒಂದು ಬಾಟಲಿಯದ್ದು. ರೋಗಿ ತೀರಿಕೊಂಡ ಮೇಲೆ ಉಳಿದದ್ದು ಎಲ್ಲಿ ಹೋಗುತ್ತದೆ?

ನಾಗವೇಣಿ: ಬಾಟಲಿ ಬಾಟಲಿ ಅಂತೀರಲ್ಲ, ಆ ಬಾಟಲಿ ಇಲ್ಲದ ಮನೆ ನೋಡಿದ್ದೀರಾ? ನಾನು ಮನೆಮನೆಗೆ ಹೋಗುವ ನರ್ಸ್. ಎದೆಯ ಗಡ್ಡೆ ಒಡೆದು ಹುಣ್ಣಾದ ಹೆಂಗಸೊಬ್ಬರು ರಾತ್ರಿ ಸೆರಗು ಬಾಯಿಗೆ ತುರುಕಿಕೊಂಡು ಮಲಗುತ್ತಿದ್ದರು, ಪಕ್ಕದಲ್ಲಿ ಮಲಗಿದ ಮಕ್ಕಳು ಏಳಬಾರದು ಅಂತ. ವಾಸನೆಗೆ ಯಾರೂ ಹತ್ತಿರ ಬರುತ್ತಿರಲಿಲ್ಲ. ವಾಸನೆ ತರುವ ಸೋಂಕನ್ನು ತಗ್ಗಿಸುವ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹುಣ್ಣಿಗೆ ಉದುರಿಸಿ ಕಟ್ಟು ಹಾಕಿದೆವು, ನಾಲ್ಕು ಗಂಟೆಗೊಮ್ಮೆ ಮಾರ್ಫಿನ್, ಜೊತೆಗೆ ಅದರಿಂದ ಆಗುವ ಮಲಬದ್ಧತೆಗೂ ಔಷಧಿ. ಕೆಲವೇ ದಿನದಲ್ಲಿ ಚಿಕ್ಕ ಮಗಳು ಅವರ ಪಕ್ಕದಲ್ಲಿ ಕೂತು ಊಟ ಮಾಡಿದಳು. ಇದರಲ್ಲಿ ಚಟ ಎಲ್ಲಿದೆ ಹೇಳಿ.

ಮಹೇಶ: ಗಡ್ಡೆ ಒಡೆದು ಹುಣ್ಣಾಗುವ ತನಕ ಬಿಟ್ಟವರು ಯಾರು? ನಾನು ಹೇಳುತ್ತಿರುವುದೂ ಅದನ್ನೇ. ಆಗಲೇ ತಪಾಸಣೆ ಆಗಿದ್ದರೆ ನಿಮ್ಮ ಪುಡಿಯೂ ಬೇಕಾಗುತ್ತಿರಲಿಲ್ಲ.

ಶ್ರೀಲತಾ: ಎರಡನ್ನೂ ಯಾಕೆ ಎದುರುಬದುರು ನಿಲ್ಲಿಸುತ್ತೀರಿ? 2010ರಲ್ಲಿ ಬಂದ ಅಧ್ಯಯನದಲ್ಲಿ, ಮುಂದುವರಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಚಿಕಿತ್ಸೆಯ ಜೊತೆ ಶುರುವಿನಿಂದಲೇ ಪ್ಯಾಲಿಯೇಟಿವ್ ಕೇರ್ ಕೊಟ್ಟಾಗ ಸುಮಾರು ಎರಡೂವರೆ ತಿಂಗಳು ಜಾಸ್ತಿ ಬದುಕಿದರು.

ಮಹೇಶ: ಅದು ಬಾಸ್ಟನ್‌ನ ದೊಡ್ಡ ಆಸ್ಪತ್ರೆಯಲ್ಲಿ ನಡೆದದ್ದು. ಅಲ್ಲಿ ‘ಚಿಕಿತ್ಸೆಯ ಜೊತೆ’ ಅನ್ನಲು ಚಿಕಿತ್ಸೆ ಇತ್ತು. ಇವರಿಗೆ ಅದೇ ಇಲ್ಲವಲ್ಲ.

ರಮೇಶ: ಉಳಿದ ಔಷಧಿಯ ಬಗ್ಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ನಾಗವೇಣಿ: ತಗೊಳ್ಳಿ ಉತ್ತರ. ಖಾಲಿ ಬಾಟಲಿ ವಾಪಸ್ ಕೊಟ್ಟರೆ ಮಾತ್ರ ಹೊಸದು. ರೋಗಿ ಹೋದ ಮೇಲೆ ಉಳಿದದ್ದನ್ನು ಮನೆಯವರ ಎದುರೇ ಅಳೆದು ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿ ತರುತ್ತೇವೆ.

ರಮೇಶ: ನೀವು ಹಾಗೆ ಮಾಡುತ್ತೀರಿ, ಸರಿ. ಎಲ್ಲರೂ ಮಾಡುತ್ತಾರಾ? ಮೊದಲು ಎಲ್ಲ ಕಡೆ ಆ ರಿಜಿಸ್ಟರ್ ಬರಲಿ, ಆಮೇಲೆ ಬಾಟಲಿ.

ನಾಗವೇಣಿ: ರಿಜಿಸ್ಟರ್ ಒಂದು ದಿನದ ಕೆಲಸ, ನಾಳೆಯೇ ತರಿಸಿ. ಅದನ್ನೇ ನೆಪ ಮಾಡಿಕೊಂಡು ಔಷಧಿ ಮಾತ್ರ ತಡೆಯಬೇಡಿ.