ಮನುಷ್ಯಾಕೃತಿಗೆ ಉಬ್ಬುತಗ್ಗು ಬರುವುದು ರೇಖೆಯಿಂದಲೋ, ನೆರಳಿನಿಂದಲೋ?

ಪ್ರಶ್ನೆ (ಕಾರವಾರದಿಂದ, ಹವ್ಯಾಸಿ)

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಕುಳಿತಿರುವ ಮಹಿಳೆಯರನ್ನು ನೋಡಿ ಪೆನ್ಸಿಲ್‌ನಲ್ಲಿ ಚಿತ್ರಿಸುತ್ತಿದ್ದೇನೆ. ಅಳತೆಗಳು ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತವೆ. ಆದರೆ ಮೊದಲು ಔಟ್‌ಲೈನ್ ಎಳೆದು, ಅದರ ಒಳಗಂಚಿನುದ್ದಕ್ಕೂ 4ಬಿ ಎಂಬ ಮೆದುವಾದ, ಗಾಢ ಪೆನ್ಸಿಲ್‌ನಿಂದ ನೆರಳು ತುಂಬಿದರೂ ತೋಳು, ಮೊಣಕಾಲುಗಳು ಚಪ್ಪಟೆಯಾಗಿಯೇ ಕಾಣುತ್ತವೆ. ಔಟ್‌ಲೈನನ್ನು ಬಿಟ್ಟುಬಿಡಬೇಕೆ, ಅಥವಾ ನೆರಳನ್ನು ಇನ್ನೂ ಗಾಢಗೊಳಿಸಬೇಕೆ?

ಉತ್ತರ (ಶಿರಸಿಯ ಡ್ರಾಯಿಂಗ್ ಮಾಸ್ತರು)

ಎರಡೂ ಬೇಡ. ಎರಡು ಅಂಚಿಗೂ ಒಂದೇ ಸಮ ನೆರಳು ಕೊಟ್ಟರೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂಬುದೇ ನೋಡುವವರಿಗೆ ತಿಳಿಯುವುದಿಲ್ಲ. ತೋಳನ್ನು ಒಂದು ಕೊಳವೆಯೆಂದು ಭಾವಿಸಿ. ಪಕ್ಕದಿಂದ ಬೆಳಕು ಬಿದ್ದಾಗ ಅತಿ ಗಾಢವಾದ ಪಟ್ಟಿ ಸಾಮಾನ್ಯವಾಗಿ ಅಂಚಿನಲ್ಲಿರದೆ, ಮೈ ಬೆಳಕಿಗೆ ಬೆನ್ನು ತಿರುಗಿಸುವ ಗಡಿಯ ತುಸು ಆಚೆಗೆ ಇರುತ್ತದೆ. ಅಲ್ಲಿಂದ ಮುಂದೆ ನೆಲದಿಂದಲೋ ಗೋಡೆಯಿಂದಲೋ ಪುಟಿದು ಬಂದ ಬೆಳಕು ಅಂಚನ್ನು ಮತ್ತೆ ಸ್ವಲ್ಪ ತಿಳಿಯಾಗಿಸುತ್ತದೆ. ನಿಮ್ಮ ಊರಿನ ಕಡಲತೀರದಲ್ಲೇ ಇದನ್ನು ಕಾಣಬಹುದು. ಇಳಿಹೊತ್ತಿನ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬಂದು ಮುಖವನ್ನು ಬೆಳಕು-ನೆರಳುಗಳಾಗಿ ಸ್ಪಷ್ಟವಾಗಿ ಸೀಳುತ್ತದೆ. ನಡುಹಗಲಿನಲ್ಲಾದರೆ ಮರಳಿನಿಂದ ಪುಟಿದ ಬೆಳಕು ಗದ್ದದ ಕೆಳಭಾಗವನ್ನೂ ಬೆಳಗುತ್ತದೆ. ಆದರೂ ಆ ಪುಟಿದ ಬೆಳಕನ್ನು ಬಿಸಿಲು ಬಿದ್ದ ಭಾಗದಷ್ಟು ತಿಳಿಯಾಗಿಸಬೇಡಿ, ಏಕೆಂದರೆ ಆಗ ನೆರಳೇ ಒಡೆದುಹೋಗುತ್ತದೆ.

ಇನ್ನೊಂದು ಮಾತು. ನೆರಳಿನ ಗಡಿ ಎಲ್ಲೆಡೆಯೂ ಒಂದೇ ತೆರನಾಗಿರುವುದಿಲ್ಲ: ಕೆನ್ನೆ, ತೊಡೆಗಳಂಥ ದುಂಡಗಿನ ಭಾಗಗಳಲ್ಲಿ ಅದು ಮೆಲ್ಲಗೆ ಕರಗುತ್ತದೆ, ಮೊಣಕೈ ಹಾಗೂ ಮುಂಗಾಲಿನ ಮೂಳೆ ಎದ್ದಿರುವಲ್ಲಿ ಥಟ್ಟನೆ ತಿರುಗುತ್ತದೆ.

ಉತ್ತರ (ಅಂಕೋಲಾದಿಂದ)

ಮಾಸ್ತರರ ಮಾತಿಗೆ ನನ್ನ ತಕರಾರಿಲ್ಲ, ಆದರೆ ರೇಖೆಯ ಪಾಲೇ ದೊಡ್ಡದೆಂಬುದು ನನ್ನ ಅಭಿಪ್ರಾಯ. ಮಡಚಿದ ಕಾಲಿನಲ್ಲಿ ಮುಂದಿರುವ ತೊಡೆಯ ರೇಖೆ ಹಿಂದಿನ ಮೀನಖಂಡದ ರೇಖೆಯನ್ನು ತಡೆದು ನಿಲ್ಲಿಸಿದರೆ ಸಾಕು, ಯಾವುದು ಮುಂದೆ, ಯಾವುದು ಹಿಂದೆ ಎಂಬುದು ನೆರಳಿಲ್ಲದೆಯೂ ಗೊತ್ತಾಗುತ್ತದೆ. ಹಾಲಕ್ಕಿ ಮಹಿಳೆಯರ ಕೊರಳಿನ ಮಣಿಸರಗಳನ್ನು ಗಮನಿಸಿ: ಸಾಲುಸಾಲಾಗಿ ಸುತ್ತಿದ ಸರಗಳು ಬಾಗುವ ರೀತಿಯೇ ಕೊರಳಿನ ದುಂಡನ್ನು ಹೇಳುತ್ತದೆ. ಬಳೆ, ಸೀರೆಯ ಅಂಚುಗಳಿಂದಲೂ ಇದೇ ಕೆಲಸವಾಗುತ್ತದೆ. ಭಾರ ಬೀಳುವಲ್ಲಿ ರೇಖೆಯನ್ನು ದಪ್ಪಗೊಳಿಸಿ, ಬೆಳಕು ಬೀಳುವಲ್ಲಿ ತೆಳುವಾಗಿಸಿ, ಬೇಕಾದರೆ ತುಂಡರಿಸಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ನರ್ತಕರನ್ನು ಕೆಲವೇ ರೇಖೆಗಳಲ್ಲಿ ಹಿಡಿದಿರುವುದನ್ನು ನೋಡಿದರೆ ನನ್ನ ಮಾತು ಅರ್ಥವಾದೀತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನೆರಳನ್ನು ಬೆರಳಿನಿಂದ ಉಜ್ಜಿ ನಯಗೊಳಿಸುವುದು ಸರಿಯೇ?

ಉತ್ತರ (ಶಿರಸಿಯ ಡ್ರಾಯಿಂಗ್ ಮಾಸ್ತರು)

ಸದ್ಯಕ್ಕೆ ಬೇಡ. ಉಜ್ಜಿದಾಗ ಗೆರೆಗಳ ದಿಕ್ಕು ಅಳಿದುಹೋಗುತ್ತದೆ, ಮೈಯ ತಿರುವನ್ನು ತೋರಿಸುವ ಒಂದು ಸಾಧನವೇ ಕೈತಪ್ಪುತ್ತದೆ. ತೋಳಿಗೆ ಅಡ್ಡಲಾಗಿ, ಅದರ ದುಂಡನ್ನು ಅನುಸರಿಸಿ ಬಾಗುವ ಗೆರೆಗಳನ್ನು ಎಳೆದರೆ ಅವೇ ನೆರಳೂ ಆಗುತ್ತವೆ, ಅಂಕೋಲಾದವರು ಹೇಳಿದ ಮಣಿಸರಗಳೂ ಆಗುತ್ತವೆ. ಶಿರಸಿಗೆ ಬಂದರೆ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ನೋಡಿ. ಸುಣ್ಣದ ಗಾರೆಯ ಮೇಲೆ ಬಳಿದ ಕೆಂಪು ಕಾವಿಯನ್ನು ಕೆರೆದು ಬಿಳಿಯನ್ನು ಹೊರತೆಗೆಯುವ ಕಲೆ ಅದು. ನಡುವಿನ ಛಾಯೆಗಳಿಗೆ ಅಲ್ಲಿ ಅವಕಾಶವೇ ಕಡಿಮೆ. ಪೆನ್ಸಿಲ್ ಹಿಡಿಯುವ ಮೊದಲು ನಿಮ್ಮ ಆಕೃತಿಯನ್ನೂ ಹಾಗೆಯೇ ಬೆಳಕು ಮತ್ತು ನೆರಳು ಎಂಬ ಎರಡೇ ಭಾಗಗಳಾಗಿ ವಿಂಗಡಿಸಿ ಸಣ್ಣದೊಂದು ಕರಡು ಮಾಡಿಕೊಳ್ಳಿ. ನಸುಛಾಯೆಗಳನ್ನು ಆ ಮೇಲೆ ಸೇರಿಸಬಹುದು.