41 ಕೆಜಿ ನಾಯಿ, ಬೇರೆ ನಾಯಿ ಕಂಡರೆ ಎಳೆದುಕೊಂಡೇ ಹೋಗುತ್ತಾನೆ. ಯಾವ ಹಾರ್ನೆಸ್ ಹಾಕಲಿ?

ಭೀಮನಮ್ಮ:
ಸಾಕು ಸಾಕಾಗಿ ಹೋಗಿದೆ. ಭೀಮನಿಗೆ ನಾಲ್ಕು ವರ್ಷ, ರಾಟ್‌ವೈಲರ್ ಮಿಶ್ರತಳಿ, ತೂಕ 41 ಕೆಜಿ. ನಾನು 55 ಕೆಜಿ. ಮನೆಯಲ್ಲಿ ಹಸುವಿನಂಥವನು, ಜನರ ತಂಟೆಗೂ ಹೋಗುವುದಿಲ್ಲ. ಹೊರಗೆ ಇನ್ನೊಂದು ನಾಯಿ ಕಂಡಿತೋ, ಮುಗೀತು. ಸುಮ್ನೆ ಬೊಗಳುವುದಲ್ಲ, ಕಚ್ಚುವುದಕ್ಕೇ ಹೋಗುತ್ತಾನೆ. ನಿನ್ನೆ ತಿರುವಿನಲ್ಲಿ ಒಂದು ಸಣ್ಣ ನಾಯಿ ಎದುರಾಯಿತು. ಅವನು ನುಗ್ಗಿದ ರಭಸಕ್ಕೆ ನಾನು ಮುಗ್ಗರಿಸಿ ಬಿದ್ದೆ. ಮೊಣಕಾಲು ತರಚಿದೆ. ಬಲಗೈಯ ಎರಡು ಬೆರಳಿಗೆ ಅಡ್ಡಲಾಗಿ ಬರೆ ಎಳೆದ ಹಾಗೆ ಕೆಂಪು ಗೆರೆ ಬಿದ್ದಿದೆ. ಎದೆ, ಬೆನ್ನಿಗೆ ಸುತ್ತಿ ಕಟ್ಟುವ ಪಟ್ಟಿ ಇದೆಯಲ್ವಾ, ಹಾರ್ನೆಸ್, ಅದನ್ನು ಮೂರು ಸಲ ಬದಲಾಯಿಸಿ ಆಯಿತು. ಎಳೆಯದ ಹಾಗೆ ಮಾಡುವ ಹಾರ್ನೆಸ್ ಯಾವುದು ಹೇಳಿ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಮಾತ್ರ ದಯವಿಟ್ಟು ಬರೆಯಬೇಡಿ.

ಗಟ್ಟಿಹಗ್ಗ:
ಕೊಂಡಿ ಬೆನ್ನ ಮೇಲಿದೆಯೋ ಎದೆಯ ಮೇಲಿದೆಯೋ?

ಭೀಮನಮ್ಮ:
ಬೆನ್ನ ಮೇಲೆ. ಮೂರರಲ್ಲೂ ಹಾಗೇ.

ಗಟ್ಟಿಹಗ್ಗ:
ಅಲ್ಲೇ ಇದೆ ನೋಡಿ ತಪ್ಪು. ಬೆನ್ನ ಮೇಲೆ ಕೊಂಡಿ ಹಾಕಿದರೆ ನಾಯಿಗೆ ಇಡೀ ಎದೆ ಮತ್ತು ಹೆಗಲಿನ ಬಲ ಸಿಗುತ್ತದೆ. ಎತ್ತಿನ ಹೆಗಲಿಗೆ ನೊಗ ಕೊಟ್ಟ ಹಾಗೆ. ಎದೆಯ ಮೇಲೆ ಕೊಂಡಿ ಇರುವ ಹಾರ್ನೆಸ್ ತೆಗೆದುಕೊಳ್ಳಿ. ಅವನು ಮುಂದೆ ನುಗ್ಗಿದರೆ ಮೈ ಪಕ್ಕಕ್ಕೆ ತಿರುಗುತ್ತದೆ, ಅರ್ಧ ಬಲ ಅಲ್ಲೇ ಕಳೆದುಹೋಗುತ್ತದೆ.

ಹಳೇಕೈ:
ಹಾರ್ನೆಸ್ ಎಲ್ಲ ಬಿಡಿ ಮೇಡಂ. ಇಷ್ಟು ದೊಡ್ಡ ನಾಯಿಗೆ ಮುಳ್ಳಿನ ಕಾಲರ್, ಎಳೆದರೆ ಕುತ್ತಿಗೆಗೆ ಒಳಮುಖವಾಗಿ ಒತ್ತುವಂಥದ್ದು, ಅದೊಂದೇ ದಾರಿ. ನಾನು ಇಪ್ಪತ್ತು ವರ್ಷದಿಂದ ದೊಡ್ಡ ನಾಯಿಗಳನ್ನೇ ಸಾಕಿದ್ದೇನೆ. ಎರಡು ಸಲ ಜಗ್ಗಿದರೆ ಮೂರನೇ ಸಲಕ್ಕೆ ತಾನೇ ನೆಟ್ಟಗಾಗುತ್ತದೆ.

ನಾಲ್ಕುಕಾಲು:
ಬೇರೆ ನಾಯಿಯನ್ನು ಕಂಡರೆ ಆಗದ ನಾಯಿಗೆ ಅದು ಬೇಡವೇ ಬೇಡ ಸರ್. ಇನ್ನೊಂದು ನಾಯಿ ಕಂಡಾಗಲೆಲ್ಲ ಕುತ್ತಿಗೆಗೆ ನೋವು ಬಿದ್ದರೆ, ಆ ನೋವು ಬಂದದ್ದು ಎದುರಿನ ನಾಯಿಯಿಂದ ಎಂದೇ ಅವನು ತಿಳಿಯುತ್ತಾನೆ. ದ್ವೇಷ ಇನ್ನೂ ಜಾಸ್ತಿ ಆಗುತ್ತದೆ. ಬೊಗಳುವುದು ಮಾತ್ರ ನಿಂತರೆ ಇನ್ನೂ ಅಪಾಯ. ಎಚ್ಚರಿಕೆಯೇ ಕೊಡದೆ ಕಚ್ಚುವ ನಾಯಿ ಆಗಿಬಿಡಬಹುದು. ಜರ್ಮನಿಯಲ್ಲಿ 2022ರಿಂದ ತರಬೇತಿಗೆ ಮುಳ್ಳಿನ ಕಾಲರ್ ಬಳಸುವಂತಿಲ್ಲ.

ಹಳೇಕೈ:
ಜರ್ಮನಿಯವರು ಏನಾದರೂ ಮಾಡಿಕೊಳ್ಳಲಿ. ಸರಿಯಾಗಿ ಬಳಸಲು ಬಾರದವರು ದೂರುತ್ತಾರೆ ಅಷ್ಟೇ. ಕಿವಿಯ ಹಿಂದೆ, ಮೇಲಕ್ಕೆ ಕೂರಬೇಕು ಅದು. ಸಡಿಲ ಬಿಟ್ಟರೆ ಕೆಲಸ ಮಾಡುವುದಿಲ್ಲ.

ನಾಲ್ಕುಕಾಲು:
ಅಮೆರಿಕದಲ್ಲಿ ಪ್ರಾಣಿಗಳ ವರ್ತನೆಯನ್ನು ನೋಡುವ ಪಶುವೈದ್ಯರ ಸಂಘವೇ 2021ರಲ್ಲಿ ಹೇಳಿದೆ. ಯಾವ ನಾಯಿಗೂ, ಕಚ್ಚುವ ನಾಯಿಗೂ ಸೇರಿ, ಬಹುಮಾನ ಕೊಟ್ಟು ಕಲಿಸುವ ದಾರಿಯೇ ಸರಿ ಎಂದು. ಬಳಸಲು ಬಾರದವರ ಮಾತಲ್ಲ ಇದು.

ಕಾಡುದಾರಿ:
ಹೆಡ್ ಹಾಲ್ಟರ್ ಹಾಕಿ ನೋಡಿದ್ದೀರಾ ಮೇಡಂ? ಕುದುರೆಗೆ ಹಾಕುತ್ತಾರಲ್ವಾ, ಆ ಥರ. ಮೂತಿ ಯಾವ ಕಡೆಗೋ ಮೈಯೂ ಆ ಕಡೆಗೆ. ನನ್ನ ಹೆಂಡತಿ ನನಗಿಂತ ತುಂಬಾ ಸಣ್ಣವಳು. ನಮ್ಮ 38 ಕೆಜಿ ನಾಯಿಯನ್ನು ಒಂದೇ ಕೈಯಲ್ಲಿ ನಡೆಸುತ್ತಾಳೆ.

ಗಟ್ಟಿಹಗ್ಗ:
ಮೊದಲು ಎದೆಯ ಕೊಂಡಿ ನೋಡಲಿ ಬಿಡಿ. ಒಂದೇ ಸಲ ಹತ್ತು ಹೇಳಿದರೆ ಅವರಿಗೂ ತಲೆ ಕೆಡುತ್ತದೆ.

ಭೀಮನಮ್ಮ:
ಎದೆಯ ಕೊಂಡಿಯ ಹಾರ್ನೆಸ್ ತಂದು ಆರು ದಿನ ಆಯಿತು. ಮೊದಲ ಐದು ದಿನ ಪರವಾಗಿಲ್ಲ ಅನ್ನಿಸಿತು. ಇವತ್ತು ಎದುರಿನಿಂದ ನಾಯಿ ಬಂತು. ಭೀಮ ನುಗ್ಗಿದ, ಪಕ್ಕಕ್ಕೆ ತಿರುಗಿದ, ನಾನು ಹಿಂದಕ್ಕೆ ಎಳೆದೆ. ಅವನು ತಲೆ ತಗ್ಗಿಸಿ ಹಿಂದೆ ಹಿಂದೆ ಸರಿದು ಎಡಗಾಲನ್ನು ಹಾರ್ನೆಸ್‌ನಿಂದ ಹೊರಗೆ ತೆಗೆದುಬಿಟ್ಟ. ಇನ್ನೊಂದು ಕ್ಷಣ ಆಗಿದ್ದರೆ ಪೂರ್ತಿ ಕಳಚಿಕೊಳ್ಳುತ್ತಿತ್ತು. ನಾನು ಅವನ ಮೇಲೆಯೇ ಬಿದ್ದು ತಬ್ಬಿ ಹಿಡಿದೆ. ಅಳು ಬಂತು. ಈ ಹಾರ್ನೆಸ್ ಕೂಡ ಉಪಯೋಗ ಇಲ್ಲ ಅನ್ನಿಸುತ್ತದೆ.

ಗಟ್ಟಿಹಗ್ಗ:
ಅಳತೆ ತಪ್ಪಿದೆ. ಎದೆಯ ಸುತ್ತಳತೆ ಅಳೆದು ಹಾಕಿ. ಪಟ್ಟಿಯ ಕೆಳಗೆ ಎರಡು ಬೆರಳು ಮಾತ್ರ ಹೋಗಬೇಕು, ಮುಷ್ಟಿ ಹೋಗಬಾರದು. ಮುಂಗಾಲಿನ ಕಂಕುಳಿನ ಹತ್ತಿರ ಎಷ್ಟು ಸಡಿಲ ಇದೆ?

ಭೀಮನಮ್ಮ:
ಎರಡೇ ಬೆರಳು ಹೋಗುತ್ತದೆ. ಅಳೆದೇ ತಂದದ್ದು.

ಗಟ್ಟಿಹಗ್ಗ:
ಹಾಗಾದರೆ ಎದೆಯ ಪಟ್ಟಿ ಕೆಳಗೆ ಜಾರಿರಬೇಕು. ಒಂದು ಫೋಟೋ ಹಾಕಿ.

ಮುಂಜಾನೆ:
ಫೋಟೋ ಆಮೇಲೆ. ಮೇಡಂ, ನಿಮ್ಮ ಮೊದಲ ಬರಹದಲ್ಲಿ ಬೆರಳಿಗೆ ಅಡ್ಡಲಾಗಿ ಬರೆ ಬಿದ್ದಿದೆ ಅಂದಿದ್ದಿರಿ. ಅಗಲ ಪಟ್ಟಿಯ ಲೀಶ್ ಹಿಡಿದರೆ ಅಂಗೈ ಉಜ್ಜಬಹುದು, ಹೀಗೆ ಸಣ್ಣ ಗೆರೆ ಬೀಳುವುದಿಲ್ಲ. ನಿಮ್ಮ ಕೈಯಲ್ಲಿರುವುದು ಯಾವ ಲೀಶ್?

ಭೀಮನಮ್ಮ:
ಹಗ್ಗ ತಾನೇ ಡಬ್ಬಿಯೊಳಗೆ ಸುತ್ತಿಕೊಳ್ಳುತ್ತದಲ್ವಾ, ಗುಂಡಿ ಒತ್ತಿದರೆ ನಿಲ್ಲುತ್ತದೆ, ಅದು. ಐದು ಮೀಟರ್. ಅವನಿಗೂ ಸ್ವಲ್ಪ ಓಡಾಡಲು ಜಾಗ ಇರಲಿ ಎಂದು. ಅವತ್ತು ಗುಂಡಿ ಹಿಡಿಯಲಿಲ್ಲ, ಹಾಗಾಗಿ ಹಗ್ಗವನ್ನೇ ಕೈಯಲ್ಲಿ ಹಿಡಿದೆ. ಅದು ಹೇಳಬೇಕಾದ ವಿಷಯ ಎಂದು ಹೊಳೆಯಲೇ ಇಲ್ಲ.

ಗಟ್ಟಿಹಗ್ಗ:
ಅಯ್ಯೋ. ನಾನು ಮೊದಲೇ ಕೇಳಬೇಕಿತ್ತು. ಆರಡಿ ಲೀಶ್ ಎಂದು ನಾನೇ ಅಂದುಕೊಂಡುಬಿಟ್ಟೆ.

ಮುಂಜಾನೆ:
ಇವತ್ತೇ ಅದನ್ನು ಎತ್ತಿಡಿ. ಬೆರಳು ಕತ್ತರಿಸಿಹೋದ ಉದಾಹರಣೆಗಳಿವೆ ಆ ಹಗ್ಗದಲ್ಲಿ. ಇನ್ನೊಂದು ವಿಷಯ, ಐದು ಮೀಟರ್ ಎಂದರೆ ಅವನಿಗೆ ಓಡಿ ವೇಗ ತೆಗೆದುಕೊಳ್ಳಲು ಐದು ಮೀಟರ್ ಜಾಗ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು. ನಿಂತಲ್ಲಿಂದ ಎಳೆಯುವ 41 ಕೆಜಿಯನ್ನು ನೀವು ತಡೆಯಬಹುದು. ಓಡಿ ಬಂದು ತುದಿಗೆ ಬೀಳುವ 41 ಕೆಜಿಯನ್ನು ಯಾರೂ ತಡೆಯಲಾರರು. ಕಾಡುದಾರಿ ಅವರು ಹೇಳಿದ ಹೆಡ್ ಹಾಲ್ಟರ್ ಅನ್ನು ಈ ಹಗ್ಗಕ್ಕೆ ಕಟ್ಟಿದ್ದರೆ ಅವನ ಕುತ್ತಿಗೆಗೇ ಪೆಟ್ಟಾಗುತ್ತಿತ್ತು.

ಈಗ ಬೇಕಾದದ್ದು ಇಷ್ಟು. ಆರಡಿಯ ಗಟ್ಟಿ ಪಟ್ಟಿ, ಎರಡು ತುದಿಗೂ ಕೊಂಡಿ ಇರುವುದು. ಒಂದು ಕೊಂಡಿ ಎದೆಗೆ, ಇನ್ನೊಂದು ಕೊರಳಿನ ಕಾಲರ್‌ಗೆ. ಕಾಲರ್ ಮಾರ್ಟಿಂಗೇಲ್ ಆಗಿರಲಿ. ಅದು ಎಳೆದಾಗ ಒಂದು ಮಟ್ಟದವರೆಗೆ ಬಿಗಿದು ನಿಲ್ಲುತ್ತದೆ, ತಲೆ ಹಿಂದಕ್ಕೆ ಜಾರುವುದಿಲ್ಲ. ಒಂದು ಕಳಚಿದರೂ ಇನ್ನೊಂದು ಉಳಿಯುತ್ತದೆ. ಲೀಶನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ, ಉಳಿದದ್ದನ್ನು ಅಂಗೈಯಲ್ಲಿ ಮಡಿಸಿ ಮುಷ್ಟಿ ಮುಚ್ಚಿ. ಮುಷ್ಟಿ ಹೊಟ್ಟೆಗೆ ಒತ್ತಿರಲಿ, ಮೊಣಕಾಲು ಸ್ವಲ್ಪ ಬಗ್ಗಿರಲಿ.

ಕಾಡುದಾರಿ:
ನಾನು ಸೊಂಟಕ್ಕೆ ಬೆಲ್ಟ್ ಕಟ್ಟಿ ಅದಕ್ಕೇ ಲೀಶ್ ಹಾಕುತ್ತೇನೆ. 25 ಮಿಮೀ ಬೈಯೋಥೇನ್ ಪಟ್ಟಿ, ಅಂದರೆ ಪ್ಲಾಸ್ಟಿಕ್ ಲೇಪದ ನೇಯ್ಗೆ ಪಟ್ಟಿ, ಹೊಲಿಗೆ ಇಲ್ಲ, ರಿವೆಟ್ ಹೊಡೆದದ್ದು. ತುದಿಗೆ ಬೆಟ್ಟ ಹತ್ತುವವರು ಬಳಸುವ, ಲಾಕ್ ಇರುವ ಕ್ಯಾರಬೀನರ್ ಕೊಂಡಿ. ಮಳೆಯಲ್ಲಿ ನೆನೆದರೂ ಒರೆಸಿದರೆ ಮುಗೀತು. ಕೈ ಎರಡೂ ಖಾಲಿ.

ಗಟ್ಟಿಹಗ್ಗ:
ಬೈಯೋಥೇನ್ ಒದ್ದೆಯಾದರೆ ಜಾರುತ್ತದೆ. ನಾನು ಹದ ಮಾಡಿದ ಚರ್ಮದ್ದು ಇಟ್ಟಿದ್ದೇನೆ, ಒಂಬತ್ತು ವರ್ಷ ಆಯಿತು, ಎಣ್ಣೆ ಹಚ್ಚಿದರೆ ಕೈಗೆ ಹಿತ. ಕೊಂಡಿ ಹಿತ್ತಾಳೆಯದು.

ಕಾಡುದಾರಿ:
ಹಿತ್ತಾಳೆಗಿಂತ ಉಕ್ಕೇ ಗಟ್ಟಿ. ನೋಡಿ ನೀವು.

ನಾಲ್ಕುಕಾಲು:
ಇಬ್ಬರೂ ಕೊಂಡಿಯ ಮಾತು ಬೇರೆ ಕಡೆ ಆಡಿ. ಸೊಂಟದ ಬೆಲ್ಟ್ ಮಾತ್ರ ಅವರಿಗೆ ಬೇಡ. 55 ಕೆಜಿ ಮನುಷ್ಯರಿಗೆ 41 ಕೆಜಿ ನಾಯಿ ಸೊಂಟಕ್ಕೆ ಕಟ್ಟಿದ್ದರೆ ಬಿದ್ದ ಮೇಲೆ ಬಿಡಿಸಿಕೊಳ್ಳುವ ದಾರಿಯೇ ಇಲ್ಲ.

ಹಳೇಕೈ:
ಇಷ್ಟೆಲ್ಲ ಪಟ್ಟಿ ಕಟ್ಟುವುದಕ್ಕಿಂತ ಮುಳ್ಳಿನ ಕಾಲರ್ ಒಂದು ಸಾಕಿತ್ತು.

ಭೀಮನಮ್ಮ:
ಎರಡು ಕೊಂಡಿಯ ಲೀಶ್ ಬಂತು. ಹಿಡಿತ ಸಿಕ್ಕಿದೆ, ಬೀಳುವ ಭಯ ಹೋಯಿತು. ಆದರೆ ನುಗ್ಗುವುದು ಹಾಗೇ ಇದೆ. ಸುಸ್ತಾಗಲಿ ಎಂದು ದಿನಕ್ಕೆ ಮೂರು ಸಲ ಕರೆದುಕೊಂಡು ಹೋಗುತ್ತಿದ್ದೇನೆ. ಪ್ರತಿ ಸಲವೂ ನಾಲ್ಕೈದು ನಾಯಿ ಸಿಗುತ್ತವೆ. ಸಂಜೆಯ ಹೊತ್ತಿಗೆ ದೂರದ ಬೊಗಳು ಕೇಳಿದರೂ ಮೈ ಬಿಗಿಯುತ್ತಾನೆ.

ಮುಂಜಾನೆ:
ಸುಸ್ತಾಗುತ್ತಿಲ್ಲ, ಒಂದರ ಮೇಲೊಂದು ಏರುತ್ತಿದೆ. ಬೆಳಗಿನ ಜಗಳದ ಕಾವು ಆರುವ ಮೊದಲೇ ಮಧ್ಯಾಹ್ನದ್ದು ಬರುತ್ತದೆ. ಸ್ವಲ್ಪ ದಿನ ಒಂದೇ ಸಲ ಹೋಗಿ, ನಾಯಿಗಳು ಕಡಿಮೆ ಇರುವ ಹೊತ್ತು ಆರಿಸಿ. ಒಮ್ಮೆ ನುಗ್ಗಿದ ಎಂದರೆ ಅವತ್ತಿನ ವಾಕ್ ಅಲ್ಲಿಗೇ ಸಾಕು, ಮನೆಗೆ ಬನ್ನಿ. ಮನೆಯಲ್ಲಿ ತಿಂಡಿ ಬಚ್ಚಿಟ್ಟು ಮೂಸಿ ಹುಡುಕಿಸಿ, ಅದೂ ದಣಿವೇ.

ಈಗ ಒಂದು ಪ್ರಶ್ನೆ. ನುಗ್ಗುವ ಮೊದಲು ಅವನ ಮುಖ ಹೇಗಿರುತ್ತದೆ?

ಭೀಮನಮ್ಮ:
ನಾನು ಆ ಹೊತ್ತಿಗೆ ಎದುರಿನ ನಾಯಿಯನ್ನೇ ನೋಡುತ್ತಿರುತ್ತೇನೆ. ಅವನ ಮುಖ ನೋಡಿಲ್ಲ.

ಮುಂಜಾನೆ:
ನಾಳೆ ಅವನನ್ನೇ ನೋಡಿ.

ಭೀಮನಮ್ಮ:
ನೋಡಿದೆ. ತೆರೆದಿದ್ದ ಬಾಯಿ ಪಟ್ಟನೆ ಮುಚ್ಚಿತು. ನಾಲಿಗೆ ಒಳಗೆ ಹೋಯಿತು. ಕಿವಿಯ ಬುಡ ಮುಂದಕ್ಕೆ ಬಂದು ನಡುವೆ ಹಣೆಯಲ್ಲಿ ಒಂದು ಗೆರೆ ಬಿತ್ತು, ಬಾಲ ಮೇಲೆದ್ದು ಕೋಲಿನ ಹಾಗೆ ನಿಂತಿತು. ಅಷ್ಟಾದ ಮೇಲೆ ಮೂರು ಎಣಿಸುವಷ್ಟು ಹೊತ್ತು ಸಿಕ್ಕಿತು ನನಗೆ. ಆಗ ನಾಯಿ ಸುಮಾರು 30 ಹೆಜ್ಜೆ ದೂರ ಇತ್ತು. ನಾಲ್ಕು ವರ್ಷದಲ್ಲಿ ಇದನ್ನು ಗಮನಿಸಿರಲೇ ಇಲ್ಲ.

ಮುಂಜಾನೆ:
ಆ 30 ಹೆಜ್ಜೆಯೇ ನಿಮ್ಮ ಗಡಿ. 45 ಹೆಜ್ಜೆಯಿಂದ ಶುರು ಮಾಡಿ. ಅಷ್ಟು ದೂರದಲ್ಲಿ ನಾಯಿ ಕಂಡ ತಕ್ಷಣ ಅವನಿಗೆ ತುಂಬಾ ಇಷ್ಟದ ತಿಂಡಿ, ಸಣ್ಣ ಸಣ್ಣ ಚೂರು, ಒಂದಾದ ಮೇಲೊಂದು. ನಾಯಿ ಮರೆಯಾದರೆ ತಿಂಡಿಯೂ ನಿಲ್ಲಬೇಕು. ತಿಂಡಿ ಮೂಸದಿದ್ದರೆ ಹತ್ತಿರ ಆಯಿತು ಎಂದರ್ಥ, ಇನ್ನೂ ಹಿಂದೆ ಸರಿಯಿರಿ. ಬಾಯಿ ಮುಚ್ಚಿದ್ದು ಕಂಡರೆ ಖುಷಿಯ ದನಿಯಲ್ಲಿ ಒಂದೇ ಪದ ಹೇಳಿ ಹಿಂದಕ್ಕೆ ತಿರುಗಿ ನಡೆಯಿರಿ. ಆ ತಿರುಗುವಿಕೆಯನ್ನು ಮೊದಲು ಮನೆಯೊಳಗೆ ನೂರು ಸಲ ಮಾಡಿಸಿ. ಬೀದಿಯಲ್ಲಿ ಹೊಸದಾಗಿ ಕಲಿಸಲು ಹೋಗಬೇಡಿ. ಲೀಶ್ ಬಿಗಿ ಮಾಡುವ ಅಭ್ಯಾಸ ಬಿಡಿ, ಬಿಗಿದ ಲೀಶೇ ಅವನಿಗೆ ನಾಯಿ ಬಂತು ಎಂಬ ಸುದ್ದಿ.

ನಾಲ್ಕುಕಾಲು:
ಬಾಯಿಕುಕ್ಕೆಯೂ ಬೇಕು. ಬುಟ್ಟಿಯಂಥದ್ದು, ಒಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ಬಾಯಿ ಕಟ್ಟುವ ಬಟ್ಟೆಯದ್ದು ವಾಕ್‌ಗೆ ಬೇಡವೇ ಬೇಡ. ನಾಯಿಗೆ ಮೈ ತಂಪಾಗುವುದೇ ಏದುಸಿರಿನಿಂದ. ಒಂದೇ ದಿನ ಕಟ್ಟಬೇಡಿ. ಮೊದಲು ಅದರೊಳಗೆ ತಿಂಡಿ ಹಾಕಿ ತಾನಾಗಿ ಮೂತಿ ತೂರಿಸಲಿ. ಪಟ್ಟಿ ಬಿಗಿಯುವುದು ಎಷ್ಟೋ ದಿನದ ಮೇಲೆ.

ಇನ್ನೊಂದು, ಇದು ಯಾವಾಗಿನಿಂದ ಶುರುವಾಯಿತು?

ಭೀಮನಮ್ಮ:
ಹೋದ ವರ್ಷ ಲೀಶ್ ಇಲ್ಲದ ನಾಯಿಯೊಂದು ಹಿಂದಿನಿಂದ ಬಂದು ಅವನ ತೊಡೆ ಕಚ್ಚಿತ್ತು. ಅದಕ್ಕೂ ಮೊದಲು ಸುಮ್ಮನಿದ್ದ.

ನಾಲ್ಕುಕಾಲು:
ಹಾಗಾದರೆ ಒಮ್ಮೆ ಪಶುವೈದ್ಯರ ಹತ್ತಿರ ಸೊಂಟ, ಹಿಂಗಾಲು ತೋರಿಸಿ. ನೋವು ಉಳಿದಿದ್ದರೆ ಎಷ್ಟು ತಿಂಡಿ ಕೊಟ್ಟರೂ ಸಾಲದು.

ಪುಟ್ಟಬಾಲ:
ನಮ್ಮ ಮೂರು ತಿಂಗಳ ಮರಿ ಲೀಶನ್ನೇ ಕಚ್ಚಿ ತಿನ್ನುತ್ತದೆ, ಏನು ಮಾಡಲಿ?

ಗಟ್ಟಿಹಗ್ಗ:
ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ಅಲ್ಲಿ ಹೇಳುತ್ತೇನೆ.

ಭೀಮನಮ್ಮ:
ನಾಲ್ಕು ವಾರ ಆಯಿತು. ವೈದ್ಯರು ಹಿಂಗಾಲಿನ ಕೀಲು ಒತ್ತಿದಾಗ ಭೀಮ ಕೈ ನೆಕ್ಕುವುದನ್ನು ಬಿಟ್ಟು ತಿರುಗಿ ನೋಡಿದ. ನೋವಿಗೆ ಮಾತ್ರೆ ಕೊಟ್ಟಿದ್ದಾರೆ. 45 ಹೆಜ್ಜೆಯಲ್ಲಿ ನಾಯಿ ಕಂಡರೆ ಈಗ ತಿಂಡಿಗಾಗಿ ನನ್ನ ಕಡೆ ತಿರುಗುತ್ತಾನೆ. 35ರಲ್ಲಿ ಕೆಲವೊಮ್ಮೆ. ತಿರುವಿನಲ್ಲಿ ದಿಢೀರ್ ಎದುರಾದರೆ ಮೊದಲಿನ ಹಾಗೇ, ಮೊನ್ನೆಯೂ ನುಗ್ಗಿದ. ನಾನು ಬೀಳಲಿಲ್ಲ, ಅವನು ಕಳಚಿಕೊಳ್ಳಲಿಲ್ಲ. ಈಗ ತಿರುವು ಬಂದರೆ ಅಗಲವಾಗಿ ಸುತ್ತಿ ಹೋಗುತ್ತೇನೆ. ಬಾಯಿಕುಕ್ಕೆಯಿಂದ ಮೂಗಿನ ಮೇಲೆ ಒಂದು ಕಡೆ ಕೂದಲು ಸವೆದಿದೆ. ಏನು ಮಾಡಲಿ?

ನಾಲ್ಕುಕಾಲು:
ಮೂಗಿನ ಮುಂದೆ ಒಂದು ಬೆರಳಿನಷ್ಟು ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಅಳತೆ ದೊಡ್ಡದು ತನ್ನಿ. ಇದ್ದರೆ ಮೇಲಿನ ಪಟ್ಟಿಗೆ ಮೆತ್ತನೆಯ ಬಟ್ಟೆ ಸುತ್ತಿ ಹೊಲಿಯಿರಿ.

ಭೀಮನಮ್ಮ:
ಬೆರಳು ಹೋಗುತ್ತಿಲ್ಲ. ದೊಡ್ಡದು ತರುತ್ತೇನೆ.